ಗುಬ್ಬಿಗೆ ಮಾತು ಸಿಕ್ಕ ಊರು

ಭಾನುವಾರ ಬೆಳಿಗ್ಗೆ. ಅಡುಗೆಮನೆಯ ಮೇಜಿನ ಮೇಲೆ ಒಂದು ಕಡೆ ಸುಲಿಯಬೇಕಾದ ಬಟಾಣಿಯ ರಾಶಿ, ಇನ್ನೊಂದು ಕಡೆ ಕಂಪನಿಯಿಂದ ಬಂದ ಕಾಗದ. ಶುಕ್ರವಾರದಿಂದ ಅವನು ಆ ಕಾಗದವನ್ನು ಅದೆಷ್ಟು ಸಲ ಬಿಚ್ಚಿ ಮಡಚಿದ್ದನೋ, ಮಡಿಕೆಯ ಜಾಗದಲ್ಲಿ ಹರಿಯುವುದಕ್ಕೆ ಬಂದಿತ್ತು. ಅವನು ಲಿಫ್ಟ್ ರಿಪೇರಿ ಮಾಡುವವನು. ಈ ಊರಿನ ಶಾಖೆಯನ್ನು ಮುಚ್ಚುತ್ತಿದ್ದೇವೆ, ಕೆಲಸ ಬೇಕೆನ್ನುವವರು ರಾಜಧಾನಿಯ ಶಾಖೆಗೆ ಬರಬಹುದು, ಇಲ್ಲವೇ ಬಂದರಿನ ಊರಿನ ಶಾಖೆಗೆ ಹೋಗಬಹುದು, ಯಾವುದೆಂದು ಹದಿನೈದು ದಿನದೊಳಗೆ ತಿಳಿಸಿ ಎಂದು ಅದರಲ್ಲಿ ಬರೆದಿತ್ತು.

"ಇದರಲ್ಲಿ ಯೋಚನೆ ಮಾಡೋದು ಏನಿದೆ?" ಎಂದ ಅವನು. "ರಾಜಧಾನೀಲಿ ಅಣ್ಣ ಇದ್ದಾನೆ. ಅವನ ಮನೆ ಮಹಡಿ ಖಾಲಿ ಇದೆ. ಸಂಬಳಾನೂ ಜಾಸ್ತಿ. ಗುಬ್ಬಿಗೆ ಮಾತು ಕಲಿಸೋ ದೊಡ್ಡ ಶಾಲೆ ಅಲ್ಲೇ ಇದೆ. ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದ ಹಾಗಾಯ್ತು."

ಹೆಂಡತಿ ಬಟಾಣಿ ಸುಲಿಯುತ್ತಲೇ ಇದ್ದಳು. ಆಸ್ಪತ್ರೆಯೊಂದರಲ್ಲಿ ಹಾಸಿಗೆಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ಕೆಲಸ. ಮಾತು ಕಡಿಮೆ, ಆಡಿದರೆ ಅಳೆದು ಆಡುವವಳು.

"ಬಂದರಿನ ಊರಲ್ಲೂ ಒಂದು ಶಾಲೆ ಇದೆಯಂತೆ ರೀ. ನಮ್ಮ ನರ್ಸಮ್ಮ ಹೇಳಿದ್ರು. ಅಲ್ಲಿ ಕೈಯಲ್ಲೇ ಮಾತಾಡ್ತಾರಂತೆ. ಮಕ್ಕಳು, ಮೇಷ್ಟ್ರು, ಎಲ್ಲರೂ."

ಅವನ ಮುಖ ಗಂಟಿಕ್ಕಿತು. ಆ ಮನೆಯಲ್ಲಿ ಕೈಯ ಮಾತು ಎತ್ತುವ ಹಾಗಿರಲಿಲ್ಲ.

ಅವರಿಗೆ ಇದ್ದವಳು ಒಬ್ಬಳೇ ಮಗಳು. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಗುಬ್ಬಿ ಎಂದು ಕರೆದರು, ಎಂಟು ವರ್ಷವಾದರೂ ಅದೇ ಹೆಸರು ನಿಂತಿತು. ಕಿವಿ ಕೇಳಿಸುವುದಿಲ್ಲವೆಂದು ತಿಳಿದದ್ದು ಒಂದೂವರೆ ವರ್ಷಕ್ಕೆ. ಆಗ ಆಸರೆಯಾದವನು ಅಣ್ಣ. ಅವನು ಬರೀ ಅಣ್ಣನಲ್ಲ, ಅಪ್ಪನ ಜಾಗದಲ್ಲಿ ನಿಂತವನು. ಅಪ್ಪ ತೀರಿಕೊಂಡಾಗ ಹದಿನೈದರ ಹುಡುಗ, ಓದು ಬಿಟ್ಟು ಅಚ್ಚುಕೂಟಕ್ಕೆ ಸೇರಿ ತಮ್ಮನನ್ನು ಲಿಫ್ಟಿನ ಕೆಲಸ ಕಲಿಯಲು ಕಳಿಸಿದ್ದ. ಗುಬ್ಬಿಯನ್ನು ಹೊತ್ತುಕೊಂಡು ಒಬ್ಬರಾದ ಮೇಲೊಬ್ಬರು ಡಾಕ್ಟರ ಬಾಗಿಲಿಗೆ ಅಲೆದವನೂ ಅವನೇ, ಕಿವಿಗೆ ಮಿಷಿನ್ ಹಾಕಿಸಿದವನೂ ಅವನೇ. ಮಿಷಿನ್ನಿನಿಂದ ಲಾರಿಯ ಹಾರ್ನ್ ಒಂದಿಷ್ಟು ಕೇಳುತ್ತಿತ್ತು, ಅಮ್ಮನ ದನಿ ಕೇಳಲಿಲ್ಲ. "ಕೈ ಮಾತಾಡೋಕೆ ಶುರು ಮಾಡಿದ್ರೆ ಬಾಯಿ ಮಲಗಿಬಿಡುತ್ತೆ" ಎಂದು ಯಾರೋ ತಿಳಿದವರು ಅಣ್ಣನಿಗೆ ಹೇಳಿದರು. ಅಣ್ಣ ತಮ್ಮನಿಗೆ ಹೇಳಿದ. ಅಂದಿನಿಂದ ಗುಬ್ಬಿ ಕೈಯೆತ್ತಿ ಏನಾದರೂ ತೋರಿಸಹೋದರೆ ಅವನು ಆ ಕೈಗಳನ್ನು ಮೆಲ್ಲನೆ ಹಿಡಿದು ಕೆಳಗಿಳಿಸುತ್ತಿದ್ದ, ತನ್ನ ತುಟಿಯನ್ನು ಬೆರಳಿನಿಂದ ತೋರಿಸುತ್ತಿದ್ದ. ಬಸ್ಸಿನಲ್ಲಿ, ಅಂಗಡಿಯಲ್ಲಿ ಜನ ತಿರುಗಿ ನೋಡುವುದು ಅವನಿಗೆ ಆಗುತ್ತಿರಲಿಲ್ಲ ಎನ್ನುವುದೂ ನಿಜ. ಆ ನಾಚಿಕೆಯನ್ನು ಅವನು ತಿಳಿದವರ ಮಾತಿನ ಕೆಳಗೆ ಬಚ್ಚಿಟ್ಟಿದ್ದ.

ಆದರೂ ಎಷ್ಟೋ ಸಲ ಕೆಲಸದಿಂದ ಬಂದಾಗ ಅಡುಗೆಮನೆಯ ಗೋಡೆಯ ಮೇಲೆ ನಾಲ್ಕು ಕೈಗಳ ನೆರಳು ಕುಣಿಯುವುದನ್ನು ಅವನು ಕಂಡಿದ್ದ. ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದ. ಹೆಂಡತಿಯ ಕೈ ಪಾತ್ರೆಗೆ ಹೋಗುತ್ತಿತ್ತು, ಅವಳ ಕೈ ನಿಂತಿತೆಂದು ಗುಬ್ಬಿಯ ಕೈಯೂ ನಿಲ್ಲುತ್ತಿತ್ತು. ಅವನು ಕಂಡೂ ಕಾಣದವನಂತೆ ಚಪ್ಪಲಿ ಬಿಡುತ್ತಿದ್ದ.

"ಒಂದು ಜೊತೆ ಚಪ್ಪಲಿ ತಗೊಳ್ಳೋಕೆ ನಾಲ್ಕು ಅಂಗಡಿ ಹತ್ತಿ ಇಳಿಯೋರು ನೀವು," ಎಂದಳು ಹೆಂಡತಿ. "ಊರನ್ನ ನೋಡದೇ ಒಪ್ಕೋತೀರಾ? ಎರಡೂ ನೋಡಿ ಬನ್ನಿ. ಇಲ್ಲಿನ ಶಾಲೆಗೆ ಈ ವಾರ ರಜ ಇದೆ, ಅವಳನ್ನೂ ಕರ್ಕೊಂಡು ಹೋಗಿ. ನೀವು ಯಾವುದು ಅಂದ್ರೆ ನನಗೆ ಅದೇ."

ಅವನು ಮಗಳಿಗಾಗಿ ಸುತ್ತ ನೋಡಿದ. ಅವಳು ಒಳಕೋಣೆಯಲ್ಲಿ ಆಗಲೇ ಕಿಟಕಿಗೆ ಮೂಗು ಒತ್ತಿ ನಿಂತಿದ್ದಳು. ರಸ್ತೆಯ ತಿರುವಿನಲ್ಲಿ ಬಸ್ಸು ನಿಲ್ಲುವುದು ಅಲ್ಲಿಂದ ಕಾಣುತ್ತಿತ್ತು. ದಿನವೂ ಸಂಜೆ ಐದರ ಬಸ್ಸಿಗಂತೂ ಅವಳು ತಪ್ಪುತ್ತಿರಲಿಲ್ಲ. ಇಳಿದವರೆಲ್ಲ ಚದುರಿ, ಬಸ್ಸು ಹೊರಟುಹೋಗುವ ತನಕ ಕಣ್ಣು ಕೀಳುತ್ತಿರಲಿಲ್ಲ. ಬಸ್ಸೆಂದರೆ ಹುಚ್ಚು ಈ ಮಗುವಿಗೆ ಎಂದು ಎಲ್ಲರೂ ನಗುತ್ತಿದ್ದರು. ದೊಡ್ಡಪ್ಪ ಒಂದು ಆಟದ ಬಸ್ಸನ್ನೂ ತಂದುಕೊಟ್ಟಿದ್ದ. ಅದನ್ನು ಅವಳು ಮುಟ್ಟಿಯೂ ನೋಡಿರಲಿಲ್ಲ.

ರಾಜಧಾನಿಯಲ್ಲಿ ಅಣ್ಣ ಸ್ಟೇಷನ್ನಿಗೇ ಬಂದು ಕಾದಿದ್ದ. ತಮ್ಮ ಬರುವುದು ಖಚಿತವೆಂದು ಮಹಡಿಯ ಎರಡು ಕೋಣೆಗೆ ಹೊಸ ಬಣ್ಣ ಬಳಿಸಿದ್ದ, ಗುಬ್ಬಿಗೆಂದು ಒಂದು ಮೂಲೆಯಲ್ಲಿ ಪುಟ್ಟ ಮೇಜು ಹಾಕಿಸಿದ್ದ. ಬಣ್ಣದ ವಾಸನೆಯ ಆ ಕೋಣೆಯಲ್ಲಿ ನಿಂತು ತಮ್ಮ ಆ ಪುಟ್ಟ ಮೇಜಿನ ಮೇಲೆ ಕೈಯಾಡಿಸಿದ. ಇಂಥ ಅಣ್ಣನಿಗೆ ಯಾವ ಬಾಯಲ್ಲಿ ಬರುವುದಿಲ್ಲ ಎನ್ನುವುದು?

ಮರುದಿನ ಮೂವರೂ ಶಾಲೆಗೆ ಹೋದರು. ದೊಡ್ಡ ಕಟ್ಟಡ, ಹೊಳೆಯುವ ನೆಲ. ಅಲ್ಲಿನ ಟೀಚರ್ ಕೆಟ್ಟವರಲ್ಲ, ತಾಳ್ಮೆಯ ಹೆಂಗಸು. ಒಬ್ಬ ಹುಡುಗನನ್ನು ಕನ್ನಡಿಯ ಮುಂದೆ ಕೂರಿಸಿಕೊಂಡು, ಅವನ ಕೈಯನ್ನು ತನ್ನ ಗಂಟಲಿಗೆ ಮುಟ್ಟಿಸಿಕೊಂಡು, ಅರ್ಧ ಗಂಟೆ ಒಂದೇ ಪದದ ಬೆನ್ನು ಹತ್ತಿದ್ದರು. ಕೊನೆಗೆ ಹುಡುಗ "ನೀ...ರು" ಎಂದ. ಟೀಚರ ಕಣ್ಣು ಮಿನುಗಿತು. ಆಮೇಲೆ ಗುಬ್ಬಿಯ ಸರದಿ. ಬಹಳ ಹೊತ್ತಾದ ಮೇಲೆ ಅವಳ ಬಾಯಿಂದ "ಅಬ್...ಬ" ಎಂಬಂಥದ್ದು ಹೊರಟಿತು. ಅವನು ಮುಖ ಆ ಕಡೆ ತಿರುಗಿಸಿಕೊಂಡು ಕಣ್ಣೊರೆಸಿಕೊಂಡ.

"ಕೇಳಿಸ್ತೇನೋ?" ಎಂದ ಅಣ್ಣ, ತಾನೇ ಗೆದ್ದವನಂತೆ. "ಅಪ್ಪ ಅಂದಳು ಕಣೋ! ಒಂದೇ ದಿನಕ್ಕೆ!"

ಕೈ ತೊಳೆಯಲೆಂದು ಅವನು ಹಿಂದುಗಡೆಯ ನಲ್ಲಿಗೆ ಹೋದ. ನೀರಿನ ತೊಟ್ಟಿಯ ಮರೆಯಲ್ಲಿ ಇಬ್ಬರು ಹುಡುಗಿಯರು ಬೆರಳಾಡಿಸುತ್ತಾ ಏನೋ ಹೇಳಿಕೊಂಡು ನಗುತ್ತಿದ್ದರು. ಅವನ ನೆರಳು ಬಿದ್ದದ್ದೇ ತಡ, ನಾಲ್ಕೂ ಕೈಗಳು ಬೆನ್ನ ಹಿಂದೆ ಹೋದವು. ನಲ್ಲಿಯ ಕೆಳಗೆ ಕೈಯಿಟ್ಟವನಿಗೆ ಮನೆಯ ಬಾಗಿಲಲ್ಲಿ ನಿಂತು ತಾನು ಕೆಮ್ಮುವುದು ನೆನಪಾಯಿತು.

"ಬಂದರಿನ ಊರಿಗೂ ಒಂದು ಸಲ ಹೋಗಿ ಬಂದುಬಿಡ್ತೀನಣ್ಣ. ಇವಳಮ್ಮಂಗೆ ಮಾತು ಕೊಟ್ಟಿದ್ದೀನಿ."

"ಹೋಗಿ ಬಾ, ಹೋಗಿ ಬಾ. ಹೆಂಡ್ತಿಗೆ ಕೊಟ್ಟ ಮಾತು ತಪ್ಪಿದವನಿಗೆ ಮೂರು ಲೋಕದಲ್ಲೂ ಊಟ ಸಿಗಲ್ಲ" ಎಂದು ಅಣ್ಣ ನಕ್ಕ. "ಎರಡು ದಿನ ಸಮುದ್ರ ನೋಡ್ಕೊಂಡು ಬನ್ನಿ. ಅಷ್ಟರಲ್ಲಿ ಮೆಟ್ಟಿಲಿಗೆ ಕಂಬಿ ಹಾಕಿಸಿರ್ತೀನಿ."

ಬಂದರಿನ ಊರಿನ ಶಾಖೆಯೆಂದರೆ ಮೀನು ಮತ್ತು ಗ್ರೀಸಿನ ವಾಸನೆ ಬೆರೆತ ಎರಡು ಕೋಣೆ. ಊರಿನ ಲಿಫ್ಟುಗಳೆಲ್ಲ ಅಜ್ಜನ ಕಾಲದವು, ಕಬ್ಬಿಣದ ಜಾಲರಿ ಬಾಗಿಲಿನವು. ಇಲ್ಲಿ ಕೆಲಸಕ್ಕೆ ಬರವಿಲ್ಲ, ಬಡ್ತಿಗೆ ಮಾತ್ರ ಬರವೇ ಎಂದುಕೊಂಡ. ಶಾಲೆ ಹಳೆಯ ಗೋದಾಮೊಂದರಲ್ಲಿತ್ತು. ಕಿವುಡು ಮಕ್ಕಳ ಶಾಲೆಯೆಂದರೆ ಸದ್ದಿಲ್ಲದೆ ಇರುತ್ತದೆಂದು ಭಾವಿಸಿದ್ದವನಿಗೆ ಗೇಟಿನಲ್ಲೇ ಗದ್ದಲ ಎದುರಾಯಿತು. ಒಬ್ಬರನ್ನೊಬ್ಬರು ಕರೆಯಲು ಹಲಗೆಯ ನೆಲಕ್ಕೆ ಕಾಲು ಅಪ್ಪಳಿಸುವವರು, ಮೇಜು ಬಡಿಯುವವರು, ಕೇಕೆ ಹಾಕಿ ನಗುವವರು. ಆ ಸಂತೆಯ ನಡುವೆ ನೂರಾರು ಬೆರಳುಗಳು ಹಾರಾಡುತ್ತಿದ್ದವು. ಗುಬ್ಬಿ ಅವನ ಅಂಗಿಯ ಅಂಚು ಹಿಡಿದು ನಿಂತವಳು ಬಾಯಿ ತೆರೆದುಕೊಂಡು ನೋಡಿದಳು.

ಹೆಡ್‌ಮೇಡಂ ಐವತ್ತು ದಾಟಿದವರು. ಅವರಿಗೆ ಕಿವಿ ಕೇಳುತ್ತಿತ್ತು, ಅವರ ಅಪ್ಪ ಅಮ್ಮನಿಗೆ ಕೇಳುತ್ತಿರಲಿಲ್ಲ. "ನಾನು ಮೊದಲು ಕಲಿತಿದ್ದು ಕೈ ಭಾಷೆ, ಆಮೇಲೆ ಬಾಯಿ ಭಾಷೆ. ಎರಡರಲ್ಲೂ ಜಗಳ ಆಡ್ತೀನಿ" ಎಂದು ನಕ್ಕರು.

"ಹಾಗಾದ್ರೆ ನೀವು ಇವರಿಗೆ ಬಾಯಲ್ಲಿ ಮಾತು ಕಲಿಸೋದೇ ಇಲ್ವಾ?" ಅವನ ದನಿಯಲ್ಲಿ ಸ್ವಲ್ಪ ಸವಾಲಿತ್ತು.

"ಕಲಿಸ್ತೀವಿ, ಬಂದಷ್ಟು ಬರಲಿ. ಆದ್ರೆ ಕೈ ಕಟ್ಟಿಹಾಕಿ ಕಲಿಸಲ್ಲ. ಎರಡು ದಿನ ಮಗೂನ ಇಲ್ಲಿ ಬಿಡಿ. ನೀವೂ ಕೂತು ನೋಡಿ. ಆಮೇಲೆ ನಿಮ್ಮಿಷ್ಟ."

ಗುಬ್ಬಿಯನ್ನು ಒಳಗೆ ಕರೆದುಕೊಂಡು ಹೋದವರು ಚಿತ್ರದ ಮೇಷ್ಟ್ರು. ನರೆತ ಗಡ್ಡ, ಕೋಟಿನ ತೋಳಿಗೆಲ್ಲ ಸೀಮೆಸುಣ್ಣ. ಹುಟ್ಟಾ ಕಿವುಡರು. ಮೊದಲ ದಿನ ಮಧ್ಯಾಹ್ನದವರೆಗೆ ಅವಳು ಬಾಗಿಲ ಪಕ್ಕದ ಅಪ್ಪನನ್ನು ತಿರುಗಿ ತಿರುಗಿ ನೋಡುತ್ತಿದ್ದಳು. ಮಧ್ಯಾಹ್ನದ ಮೇಲೆ ನೋಡುವುದನ್ನು ಬಿಟ್ಟಳು. ಸಂಜೆ ಅವನು ಕರೆದಾಗ ಬರುವುದಿಲ್ಲವೆಂದು ತಲೆಯಾಡಿಸಿದಳು.

ಎರಡನೆಯ ದಿನ ಹೆಡ್‌ಮೇಡಂ ಅವನನ್ನು ಚಿತ್ರದ ಕೋಣೆಗೆ ಕರೆಸಿದರು. ಮೇಷ್ಟ್ರ ಪಕ್ಕದಲ್ಲಿ ಗುಬ್ಬಿ ಕೂತಿದ್ದಳು. ಮುಂದೆ ಐದಾರು ಚಿತ್ರಗಳು ಹರಡಿದ್ದವು.

"ಕೂತ್ಕೊಳ್ಳಿ. ನಿಮ್ಮ ಮಗಳು ನಿನ್ನೆಯಿಂದ ಒಂದು ಪ್ರಶ್ನೆ ಕೇಳ್ತಿದ್ದಾಳೆ. ಮೇಷ್ಟ್ರಿಗೆ ಅರ್ಥ ಆಗೋಕೆ ಇಷ್ಟು ಹೊತ್ತಾಯ್ತು. ನಿಮ್ಮ ಮನೇಲಿ ಕನ್ನಡಕ ಹಾಕೋ ವಯಸ್ಸಾದವರು ಯಾರಾದ್ರೂ ಇದ್ರಾ?"

"ನಮ್ಮಮ್ಮ. ತೀರಿಕೊಂಡು ಎರಡು ವರ್ಷ ಆಯ್ತು. ಇವಳು ಅವರ ಪಕ್ಕದಲ್ಲೇ ಮಲಗ್ತಿದ್ದಿದ್ದು."

"ಅವರು ಹೋದ್ರು ಅಂತ ಇವಳಿಗೆ ಹೇಳಿದ್ರಾ?"

ಅವನು ಚಿತ್ರಗಳತ್ತ ನೋಡಿದ. ಅಮ್ಮ ಹೋದಾಗ ಗುಬ್ಬಿಯನ್ನು ನಾಲ್ಕು ದಿನ ಪಕ್ಕದ ಮನೆಯಲ್ಲಿ ಬಿಟ್ಟಿದ್ದರು. ತಿರುಗಿ ಬರುವಷ್ಟರಲ್ಲಿ ಅಜ್ಜಿಯ ಹಾಸಿಗೆಯನ್ನು ಸುತ್ತಿ ಅಟ್ಟಕ್ಕೆ ಹಾಕಿಯಾಗಿತ್ತು. ಯಾರೂ ಏನೂ ಹೇಳಲಿಲ್ಲ.

"ಚಿಕ್ಕವಳು... ಹೇಳಿದ್ರೂ ಇವಳಿಗೆ ಏನು ತಿಳಿಯುತ್ತೆ ಅಂತ..."

ಹೆಡ್‌ಮೇಡಂ ಚಿತ್ರಗಳನ್ನು ಒಂದೊಂದಾಗಿ ಅವನ ಮುಂದೆ ಸರಿಸಿದರು. ಕನ್ನಡಕ ಹಾಕಿದ ಅಜ್ಜಿ. ಎರಡು ತುಂಡಾದ ಕನ್ನಡಕ, ಪಕ್ಕದಲ್ಲಿ ಪುಟ್ಟ ಹುಡುಗಿ. ಬಸ್ಸು. ಕಿಟಕಿ. ಮತ್ತೆ ಬಸ್ಸು.

"ಇವಳು ಕೇಳ್ತಿರೋದು ಇಷ್ಟು. 'ನಾನು ಅಜ್ಜಿ ಕನ್ನಡಕ ಮುರಿದುಬಿಟ್ಟೆ. ಅಜ್ಜಿ ಸಿಟ್ಟು ಮಾಡ್ಕೊಂಡು ಬಸ್ ಹತ್ತಿ ಹೊರಟುಹೋದ್ರು. ದಿನಾ ಕಾಯ್ತಿದ್ದೀನಿ. ಯಾವಾಗ ಬರ್ತಾರೆ?'"

ಅಮ್ಮ ತನ್ನ ತಂಗಿಯ ಊರಿಗೆ ಹೋದಾಗಲೆಲ್ಲ ವಾಪಸು ಐದರ ಬಸ್ಸಿಗೆ ಬಂದಿಳಿಯುತ್ತಿದ್ದಳು. ತಿರುವಿನಿಂದಲೇ ಕೈಯೆತ್ತಿ ಬೀಸುತ್ತಿದ್ದಳು. ಎರಡು ವರ್ಷ, ದಿನಕ್ಕೊಂದು ಬಸ್ಸಿನಂತೆ, ಈ ಮಗು ಕ್ಷಮೆ ಕೇಳಲು ಕಾಯುತ್ತಾ ನಿಂತಿತ್ತು. ಮನೆಯವರೆಲ್ಲ ಬಸ್ಸಿನ ಹುಚ್ಚೆಂದು ನಕ್ಕಿದ್ದರು.

"ಹೇಳಿ ಮೇಡಂ," ಎಂದ. "ಅಜ್ಜಿ ಸಿಟ್ಟು ಮಾಡ್ಕೊಂಡಿರಲಿಲ್ಲ ಅಂತ ಹೇಳಿ. ಕಾಯಿಲೆಯಿಂದ ಹೋದ್ರು ಅಂತ ಹೇಳಿ."

ಹೆಡ್‌ಮೇಡಂ ಅದನ್ನು ಮೇಷ್ಟ್ರಿಗೆ ತಿಳಿಸಿದರು. ಮೇಷ್ಟ್ರು ಬೇಡವೆಂದು ತಲೆಯಾಡಿಸಿ ಅವನತ್ತಲೇ ಬೆರಳು ತೋರಿಸಿದರು.

"ಅದು ನೀವು ಹೇಳಬೇಕಾದ್ದು ಅಂತಿದ್ದಾರೆ. ಹೇಗೆ ಅಂತ ಅವರು ತೋರಿಸ್ತಾರಂತೆ."

"ನನಗೆ ಬರಲ್ಲ ಮೇಡಂ."

"ಬರದೇ ಇದ್ರೂ ನಡೆಯುತ್ತೆ. ಕೈಗಳು ನಿಮ್ಮವಾಗಿದ್ರೆ ಸಾಕು."

ಹದಿನೆಂಟು ಅಂತಸ್ತಿನ ಮೇಲೆ, ಕತ್ತಲ ಕೊಳವೆಯಂಥ ಜಾಗದಲ್ಲಿ ನೇತಾಡುತ್ತಾ ತಿರುಪು ಬಿಗಿಯುವಾಗಲೂ ತಡವರಿಸದ ಕೈಗಳು ಅವು. ಈಗ ತಡವರಿಸಿದವು. ಗುಬ್ಬಿಯ ಮುಂದೆ ಮೊಣಕಾಲೂರಿದ. ಅಜ್ಜಿ ಎನ್ನಲು ಅವಳದೇ ಒಂದು ಸನ್ನೆಯಿತ್ತು, ಕಣ್ಣಿನ ಮೇಲೆ ಎರಡು ಉಂಗುರ. ಅದನ್ನು ಮಾಡಿದ. ಸಿಟ್ಟಿನ ಮುಖ ಮಾಡಿ, ಇಲ್ಲ ಎಂದು ಕೈಯಾಡಿಸಿದ. ಗುಬ್ಬಿ ಮಲಗಿದ ಮೇಲೆ ಮುರಿದ ಕನ್ನಡಕಕ್ಕೆ ಅಮ್ಮ ದಾರ ಸುತ್ತಿ ಹಾಕಿಕೊಂಡದ್ದನ್ನು ತೋರಿಸಿದ. ಆ ಅವತಾರದಲ್ಲಿ ಕನ್ನಡಿ ನೋಡಿ ಅಮ್ಮ ಹೊಟ್ಟೆ ಹಿಡಿದು ನಕ್ಕಿದ್ದಳು, ಅದನ್ನೂ ತೋರಿಸಿದ. ಆಮೇಲೆ ಮೇಷ್ಟ್ರು ಕಲಿಸಿದ ಹಾಗೆ, ನೆಟ್ಟಗಿದ್ದ ಅಂಗೈಯನ್ನು ನಿಧಾನವಾಗಿ ವಾಲಿಸಿ ಮಲಗಿಸಿದ.

ಗುಬ್ಬಿ ಬಹಳ ಹೊತ್ತು ಆ ಕೈಯನ್ನೇ ನೋಡಿದಳು. ನಂತರ ಎರಡು ಕೈಯನ್ನೂ ರೆಕ್ಕೆಯಂತೆ ಬಡಿದು, ಮಡಚಿ, ನೆಲದ ಮೇಲಿಟ್ಟು ಅವನ ಮುಖ ನೋಡಿದಳು. ಮನೆಯ ಕಿಟಕಿಯ ಕೆಳಗೆ ಒಮ್ಮೆ ಪಾರಿವಾಳವೊಂದು ಸತ್ತು ಬಿದ್ದಿತ್ತು. ಹಾಗೆಯೇ?

ಹೌದು ಎಂದು ಅವನು ತಲೆಯಾಡಿಸಿದ.

ಅವಳು ಅತ್ತಳು. ಎರಡು ವರ್ಷದ ಅಳು ಅದು. ಎದೆಗೆ ಒತ್ತಿಕೊಂಡು ಅವನೂ ಅತ್ತ. ಮೇಷ್ಟ್ರು ಕಿಟಕಿಯ ಕಡೆ ತಿರುಗಿ ಕುಂಚ ತೊಳೆಯತೊಡಗಿದರು.

ಅವಳು ತಣ್ಣಗಾಗಿ ಮಕ್ಕಳ ಬಳಿಗೆ ಓಡಿದ ಮೇಲೆ ಹೆಡ್‌ಮೇಡಂ ಹೇಳಿದರು. "ಒಂದು ಮಾತು. ಎಂಟು ವರ್ಷ ಯಾರೂ ಕೈಯಲ್ಲಿ ಮಾತಾಡಿಸದೇ ಇದ್ದ ಮಗು ಹೀಗೆ ಪ್ರಶ್ನೆ ಕೇಳೋಕೆ ಆಗಲ್ಲ. ಇವಳ ಹತ್ರ ಮನೆಯದೇ ನಲವತ್ತು ಐವತ್ತು ಸನ್ನೆ ಇವೆ. ಯಾರೋ ಪ್ರೀತಿಯಿಂದ ಕಟ್ಟಿಕೊಟ್ಟಿದ್ದಾರೆ. ಆ ಬೀಜ ಇಲ್ಲದೇ ಹೋಗಿದ್ರೆ ನಮಗೂ ಕಷ್ಟ ಆಗ್ತಿತ್ತು."

ಅವನು ಶಾಲೆಯ ಗೇಟಿನಾಚೆ ನಿಂತು ಮನೆಗೆ ಫೋನ್ ಮಾಡಿದ.

"ಅಡುಗೆಮನೇಲಿ ನೀನು ಅವಳ ಜೊತೆ ಕೈಯಲ್ಲಿ ಮಾತಾಡ್ತಿದ್ದೆಯಲ್ಲ," ಎಂದ.

"ತಪ್ಪಾಯ್ತು ರೀ. ಹಸಿವು, ನೋವು, ಅಂಥದ್ದು ಒಂದೆರಡು... ನನಗೆ ತಡ್ಕೊಳ್ಳೋಕೆ ಆಗ್ತಿರಲಿಲ್ಲ."

"ತಪ್ಪಲ್ಲ ಮಾರಾಯ್ತಿ. ನೀನು ಹಾಗೆ ಮಾಡಿದ್ದಕ್ಕೇ ನಮ್ಮ ಮಗು ಇವತ್ತು ನನ್ನ ಜೊತೆ ಮಾತಾಡ್ತು." ಉಳಿದದ್ದನ್ನು ಹೇಳುವಷ್ಟರಲ್ಲಿ ಅವನ ದನಿ ಎರಡು ಸಲ ಒಡೆಯಿತು. ಕೊನೆಗೆ, "ನಿನ್ನ ಈ ಉಪಕಾರ ಸಾಯೋ ತನಕ ಮರೆಯಲ್ಲ" ಎಂದ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವಳಿಗೆ ಅವನು ಅಂಥ ಮಾತು ಹೇಳಿದ್ದು ಅದೇ ಮೊದಲು. ಅವಳು "ಊಟ ಮಾಡಿದ್ರಾ?" ಎಂದಳು.

ಅಣ್ಣನಿಗೆ ಹೇಳುವುದು ಅಷ್ಟು ಸುಲಭವಾಗಲಿಲ್ಲ.

"ಏನೋ ಇದು? ಮನೆಗೆ ಬಣ್ಣ ಬಳಿಸಿ ಕೂತಿದ್ದೀನಿ" ಎಂದ ಅಣ್ಣ ಫೋನಿನಲ್ಲಿ. "ಅಪ್ಪ ಅಂದಳಲ್ಲೋ ನಿನ್ನ ಮಗಳು! ಅದನ್ನ ಬಿಟ್ಟು ಕೈಸನ್ನೆ ಕಲಿಸೋ ಕಡೆ ಹಾಕ್ತೀಯಾ? ನಾಳೆ ನೀವಿಬ್ರೂ ಇರಲ್ಲ. ಅವಳು ಈ ಲೋಕದಲ್ಲಿ ಬದುಕಬೇಕು. ಲೋಕ ಬಾಯಲ್ಲಿ ಮಾತಾಡುತ್ತೆ ಕಣೋ."

"ನೀನು ಹೇಳೋದು ಸುಳ್ಳಲ್ಲ ಅಣ್ಣ. ಆದ್ರೆ ಲೋಕ ಆಮೇಲೆ. ಮೊದಲು ಮನೇಲಿ ಅವಳು ನಮ್ಮ ಜೊತೆ ಮಾತಾಡಲಿ." ಅಮ್ಮನ ಕನ್ನಡಕದ ವಿಷಯ ಹೇಳಿದ. "ನೀನಿಲ್ಲದಿದ್ರೆ ನನಗೆ ಅನ್ನವೂ ಇರ್ತಿರಲಿಲ್ಲ, ಕೆಲಸವೂ ಇರ್ತಿರಲಿಲ್ಲ. ಅದನ್ನ ಮರೆತು ಹೀಗಂತಿಲ್ಲ. ನನ್ನ ಮೇಲೆ ಬೇಜಾರು ಮಾಡ್ಕೋಬೇಡ."

"ಬೇಜಾರಿಲ್ಲ" ಎಂದು ಅಣ್ಣ ಫೋನ್ ಇಟ್ಟ. ಬೇಜಾರಿತ್ತು. ಮೂರು ತಿಂಗಳು ಅವನು ತಾನಾಗಿ ಫೋನ್ ಮಾಡಲಿಲ್ಲ.

ಕುಟುಂಬ ಬಂದರಿನ ಊರಿಗೆ ಬಂದಿತು. ಮೀನಿನ ವಾಸನೆಗೆ ಮೊದಲ ವಾರ ಮೂಗು ಮುಚ್ಚಿಕೊಂಡರು, ಎರಡನೆಯ ವಾರ ಮರೆತರು. ಹೆಂಡತಿಗೆ ಇಲ್ಲಿನ ಆಸ್ಪತ್ರೆಯಲ್ಲೇ ಕೆಲಸ ಸಿಕ್ಕಿತು. ಶನಿವಾರ ಸಂಜೆ ಅಪ್ಪ ಅಮ್ಮಂದಿರಿಗೆಂದು ಶಾಲೆಯಲ್ಲಿ ಪಾಠ. ಆ ತರಗತಿಯಲ್ಲಿ ಅವನೇ ಕಡೆಯ ಬೆಂಚಿನವನು, ಹೆಂಡತಿ ಮೊದಲ ಬೆಂಚು. ಗುಬ್ಬಿ ಮನೆಯಲ್ಲಿ ಅವನಿಗೆ ಬೇರೆ ಪಾಠ ಹೇಳಿಕೊಟ್ಟು, ತಪ್ಪಿದರೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಬಸ್ಸಿನಲ್ಲಿ ಈಗಲೂ ಜನ ತಿರುಗಿ ನೋಡುತ್ತಿದ್ದರು. ನೋಡಿಕೊಳ್ಳಲಿ ಬಿಡು ಎಂದುಕೊಂಡು ಅವನು ಮಗಳಿಗೆ ಆ ದಿನ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ದಪ್ಪ ವಕೀಲರ ಕತೆಯನ್ನು ಎರಡೂ ಕೈಯಲ್ಲಿ ಹೇಳುತ್ತಿದ್ದ.

ನಾಲ್ಕನೆಯ ತಿಂಗಳು, ಒಂದು ಭಾನುವಾರ, ಹೇಳದೆ ಕೇಳದೆ ಅಣ್ಣ ಬಂದಿಳಿದ. "ನೋಡಿಕೊಂಡು ಹೋಗೋಣ ಅಂತ ಬಂದೆ" ಎಂದ, ಮುಖ ಬಿಗಿದುಕೊಂಡೇ. ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತರು. ಗುಬ್ಬಿ ಶಾಲೆಯಲ್ಲಿ ನಡೆದ ಏನನ್ನೋ ಹೇಳತೊಡಗಿದಳು. ಮೇಷ್ಟ್ರ ಗಡ್ಡ ಬಣ್ಣದ ಡಬ್ಬಿಗೆ ಬಿದ್ದದ್ದು, ಅರ್ಧ ಗಡ್ಡ ಹಸಿರಾದದ್ದು. ಹೆಂಡತಿ ನಗು ತಡೆಯಲಾರದೆ ತಟ್ಟೆ ಕೆಳಗಿಟ್ಟಳು. ಅವನು ಕೈಯಲ್ಲೇ ಏನೋ ಕುಚೋದ್ಯ ಸೇರಿಸಿದ. ಮೂವರೂ ಬಿದ್ದು ಬಿದ್ದು ನಕ್ಕರು.

ಅಣ್ಣ ಒಬ್ಬರ ಮುಖದಿಂದ ಇನ್ನೊಬ್ಬರ ಮುಖ ನೋಡಿದ. ಎಲ್ಲರೂ ನಕ್ಕರೆಂದು ತಾನೂ ಸ್ವಲ್ಪ ನಕ್ಕ. ಆಮೇಲೆ ನಗು ನಿಲ್ಲಿಸಿದ.

"ಏನ್ರೋ ಅದು? ನನಗೂ ಹೇಳ್ರೋ" ಎಂದ.

"ಏನಿಲ್ಲಣ್ಣ, ಆಮೇಲೆ ಹೇಳ್ತೀನಿ" ಎಂದವನು, ಹಾಗಂದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡ.

ಅಣ್ಣನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ನಾವೆಲ್ಲ ಸೇರಿ ಕೂತಾಗ ಇವಳಿಗೂ ಹಾಗೇ ಅಂತಿದ್ವಲ್ಲೋ," ಎಂದ ಮೆಲ್ಲಗೆ. "ಆಮೇಲೆ ಹೇಳ್ತೀವಿ, ಆಮೇಲೆ ಹೇಳ್ತೀವಿ ಅಂತ. ಒಂದು ದಿನವಾದ್ರೂ ಹೇಳಿದ್ವಾ?"

ಅಣ್ಣ ಕೈ ತೊಳೆದುಕೊಂಡು ಬಂದು ಗುಬ್ಬಿಯ ಎದುರು ಕೂತ.

"ದೊಡ್ಡಪ್ಪಂದು ತಪ್ಪಾಯ್ತು ಅಂತ ಇವಳಿಗೆ ಹೇಳೋ."

"ನೀನೇ ಹೇಳಣ್ಣ. ಹೀಗೆ ನೋಡು." ಅವನು ಒಂದೊಂದಾಗಿ ತೋರಿಸಿಕೊಟ್ಟ.

ಅಚ್ಚುಕೂಟದಲ್ಲಿ ಮೂವತ್ತೈದು ವರ್ಷ ಅಕ್ಷರ ಜೋಡಿಸಿದ, ಉಗುರಿನ ಸಂದಿಯ ಮಸಿ ಎಂದೂ ಹೋಗದ ದಪ್ಪ ಬೆರಳುಗಳು. ಅಣ್ಣ ಪರೀಕ್ಷೆಗೆ ಕೂತ ಹುಡುಗನಂತೆ ಬೆವರುತ್ತಾ ಮೊದಲು ತನ್ನನ್ನು ತೋರಿಸಿಕೊಂಡ, ಆಮೇಲೆ ಮುಷ್ಟಿ ಕಟ್ಟಿ ಹೊಟ್ಟೆಯ ಮೇಲೆ ಸುತ್ತಾಡಿಸಿದ. ಗುಬ್ಬಿ ಕಣ್ಣರಳಿಸಿ ನೋಡಿ, ತಟ್ಟನೆ ಎದ್ದು ಒಳಗೆ ಓಡಿ, ತಟ್ಟೆಯ ತುಂಬ ಅನ್ನ ತಂದು ಅವನ ಮುಂದಿಟ್ಟಳು.

"ನೀನು ಹಸಿವು ಅಂದೆ ಅಣ್ಣ!"

ಹೆಂಡತಿ ಮುಖ ಮುಚ್ಚಿಕೊಂಡು ನಕ್ಕಳು. ಅಣ್ಣನೂ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆದರೆ ಬಿಡಲಿಲ್ಲ. ಕೆನ್ನೆ ಒರೆಸಿಕೊಂಡು ಮತ್ತೆ ಮುಷ್ಟಿ ಕಟ್ಟಿದ, ಮತ್ತೆ ಅದೇ ಜಾಗದಲ್ಲಿಟ್ಟು ಸುತ್ತಿಸಿದ.

ಈ ಸಲ ಗುಬ್ಬಿ ಅವನ ಕೈಯನ್ನಲ್ಲ, ಮುಖವನ್ನು ನೋಡಿದಳು. ಹತ್ತಿರ ಬಂದು, ತನ್ನೆರಡು ಪುಟ್ಟ ಕೈಗಳಲ್ಲಿ ಆ ದೊಡ್ಡ ಮುಷ್ಟಿಯನ್ನು ಹಿಡಿದು, ಅವನ ಹೊಟ್ಟೆಯ ಮೇಲಿಂದ ಎತ್ತಿ, ಎದೆಯ ಮೇಲೆ ತಂದಿಟ್ಟಳು.